ಉಪಸಮೂಹದ ಆಳ ಅಳೆದವರು

1896ರ ಮಾರ್ಚ್ 25ರಂದು ರಿಚರ್ಡ್ ಡೆಡೆಕಿಂಡ್ ತಮ್ಮ ಊರಾದ ಬ್ರೌನ್‌ಶ್ವೈಗ್‌ನಿಂದ ಬರ್ಲಿನ್ನಿನ ಪ್ರೊಫೆಸರ್ ಫರ್ಡಿನಾಂಡ್ ಜಾರ್ಜ್ ಫ್ರೊಬೇನಿಯಸ್‌ಗೆ ಒಂದು ಕಾಗದ ಬರೆದರು. ಡೆಡೆಕಿಂಡ್‌ಗೆ ಆಗ 64 ವರ್ಷ. ಪಾಲಿಟೆಕ್ನಿಕ್‌ನ ಅಧ್ಯಾಪನದಿಂದ ಎರಡು ವರ್ಷದ ಹಿಂದೆ ನಿವೃತ್ತರಾಗಿದ್ದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಟಿಪ್ಪಣಿಗಳಲ್ಲೇ ಉಳಿದಿದ್ದ ಒಂದು ಲೆಕ್ಕವನ್ನು ಅವರು ಆ ಕಾಗದದಲ್ಲಿ ಪ್ರಸ್ತಾಪಿಸಿದರು. ಆ ಲೆಕ್ಕದಿಂದ ಹುಟ್ಟಿದ ಶಾಸ್ತ್ರಕ್ಕೆ ಇಂದು ನಿರೂಪಣಾ ಸಿದ್ಧಾಂತ ಎಂದು ಹೆಸರು. ದೊಡ್ಡ ಸಮೂಹವೊಂದರೊಳಗೆ ಚಿಕ್ಕ ಸಮೂಹ ಎಷ್ಟು ಆಳದಲ್ಲಿ ಕೂತಿದೆ ಎಂದು ಅಳೆಯುವ ಸಂಖ್ಯೆ ಆ ಶಾಸ್ತ್ರದೊಳಗೆ ರೂಪುಗೊಳ್ಳಲು ಮಾತ್ರ ಇನ್ನೂ 115 ವರ್ಷ ಬೇಕಾಯಿತು. ಅಷ್ಟು ತಡವಾದದ್ದು ಏಕೆ, ಕೊನೆಗೆ ಅದು ಬಂದ ದಾರಿ ಯಾವುದು ಎಂಬುದೇ ಈ ಲೇಖನದ ವಿಷಯ.

ಮೊದಲು ಡೆಡೆಕಿಂಡರ ಲೆಕ್ಕವನ್ನು ನೋಡೋಣ. ಮೂರು ವಸ್ತುಗಳನ್ನು ಸಾಲಾಗಿ ಇಟ್ಟು ಅವುಗಳ ಸ್ಥಾನ ಬದಲಿಸಲು ಆರು ಕ್ರಮಯೋಜನೆಗಳಿವೆ. ಒಂದರ ಹಿಂದೆ ಇನ್ನೊಂದನ್ನು ಮಾಡಿದರೆ ಮತ್ತೆ ಈ ಆರರಲ್ಲೇ ಒಂದು ಸಿಗುತ್ತದೆ, ಮಾಡಿದ್ದನ್ನು ಹಿಂದಕ್ಕೆ ತಿರುಗಿಸಲೂ ಬರುತ್ತದೆ. ಈ ಗುಣವಿರುವ ಸಂಗ್ರಹವೇ ಸಮೂಹ. ಮೂರು ವಸ್ತುಗಳ ಈ ಸಮೂಹವನ್ನು ಎಸ್-3 ಎನ್ನುತ್ತಾರೆ. ಸಮೂಹದ ಗುಣಾಕಾರ ಕೋಷ್ಟಕವನ್ನು ಬರೆದು, ಪ್ರತಿ ಸದಸ್ಯನಿಗೂ ಒಂದೊಂದು ಚರಾಕ್ಷರ ಕೊಟ್ಟು, ಆ ಕೋಷ್ಟಕದ ನಿರ್ಧಾರಕವನ್ನು ಬಿಡಿಸಿದರೆ ಒಂದು ಬಹುಪದೋಕ್ತಿ ಬರುತ್ತದೆ. ಅದು ಹೇಗೆ ಅಪವರ್ತನವಾಗುತ್ತದೆ ಎಂಬುದು ಡೆಡೆಕಿಂಡರ ಪ್ರಶ್ನೆ. ಗುಣಿಸುವ ಕ್ರಮ ಹಿಂದುಮುಂದಾದರೂ ಫಲ ಬದಲಾಗದ ಸಮೂಹಗಳಲ್ಲಿ ಎಲ್ಲ ಅಪವರ್ತನಗಳೂ ಮೊದಲ ಘಾತದವು ಎಂದು ಅವರಿಗೆ ಗೊತ್ತಿತ್ತು. ಎಸ್-3ರಲ್ಲಿ ಹಾಗಾಗಲಿಲ್ಲ. ಆರನೆಯ ಘಾತದ ಆ ಬಹುಪದೋಕ್ತಿ ಮೊದಲ ಘಾತದ ಎರಡು ಅಪವರ್ತನಗಳಾಗಿಯೂ, ಎರಡನೆಯ ಘಾತದ ಒಂದೇ ಅಪವರ್ತನ ಎರಡು ಸಲ ಬರುವಂತೆಯೂ ಒಡೆಯಿತು.

ಫ್ರೊಬೇನಿಯಸ್ ಈ ಪ್ರಶ್ನೆಯನ್ನು ಹಿಡಿದವರು ಬಿಡಲಿಲ್ಲ. ಏಪ್ರಿಲ್ 12 ಮತ್ತು 17ರಂದು ಅವರು ಬರೆದ ಉತ್ತರಗಳಲ್ಲಿ ಹೊಸ ಶಾಸ್ತ್ರದ ಬುನಾದಿ ಆಗಲೇ ಇತ್ತು. ಅದೇ ವರ್ಷ ಸಮೂಹಗಳ ಕ್ಯಾರೆಕ್ಟರ್‌ಗಳ ಮೇಲೆ ಅವರ ಪ್ರಬಂಧ ಬಂತು. ಒಂದು ಅಪವರ್ತನದ ಘಾತ ಎಷ್ಟೋ ಅಷ್ಟೇ ಸಲ ಅದು ಮರುಕಳಿಸುತ್ತದೆ ಎಂದು ಅವರು ಸಾಧಿಸಿದರು. ಎಸ್-3ರ ಮಟ್ಟಿಗೆ 1, 1, 2ರ ವರ್ಗಗಳನ್ನು ಕೂಡಿಸಿದರೆ 6. ಮರುವರ್ಷ ಇದರ ಅರ್ಥ ಇನ್ನಷ್ಟು ತಿಳಿಯಾಯಿತು. ಸಮೂಹದ ಪ್ರತಿ ಸದಸ್ಯನ ಬದಲು ಒಂದು ಮಾತೃಕೆಯನ್ನು ಇಟ್ಟು, ಗುಣಾಕಾರ ಕೆಡದಂತೆ ನೋಡಿಕೊಂಡರೆ ಅದು ಆ ಸಮೂಹದ ಒಂದು ನಿರೂಪಣೆ. ಇನ್ನು ಒಡೆಯಲಾಗದ ನಿರೂಪಣೆಗಳು ಅವಿಭಾಜ್ಯ. ಎಸ್-3ಕ್ಕೆ ಅಂಥವು ಮೂರೇ ಮೂರು. ಎಲ್ಲರಿಗೂ 1 ಕೊಡುವ ಸರಳ ನಿರೂಪಣೆ ಮೊದಲನೆಯದು. ಸಮ ಕ್ರಮಯೋಜನೆಗೆ 1, ಬೆಸಕ್ಕೆ −1 ಕೊಡುವ ಚಿಹ್ನೆ ನಿರೂಪಣೆ ಎರಡನೆಯದು. ಸಮಬಾಹು ತ್ರಿಭುಜವನ್ನು ಸಮತಲದಲ್ಲಿ ತಿರುಗಿಸಿ, ಮಗುಚುವ ಎರಡು ಆಯಾಮದ ನಿರೂಪಣೆ ಮೂರನೆಯದು.

ಇಳಿಯುವುದು, ಏರುವುದು

1898ರಲ್ಲಿ ಫ್ರೊಬೇನಿಯಸ್ ಉಪಸಮೂಹಗಳತ್ತ, ಅಂದರೆ ಸಮೂಹದೊಳಗಿನ ಚಿಕ್ಕ ಸಮೂಹಗಳತ್ತ, ತಿರುಗಿದರು. ದೊಡ್ಡ ಸಮೂಹದ ನಿರೂಪಣೆಯನ್ನು ಉಪಸಮೂಹದ ಸದಸ್ಯರಿಗೆ ಮಾತ್ರ ಸೀಮಿತಗೊಳಿಸಿದರೆ ಅದು ಒಡೆದು ಉಪಸಮೂಹದ ಅವಿಭಾಜ್ಯಗಳಾಗುತ್ತದೆ. ಇದು ಇಳಿಯುವ ದಾರಿ. ಉಪಸಮೂಹದ ನಿರೂಪಣೆಯಿಂದ ಇಡೀ ಸಮೂಹದ ನಿರೂಪಣೆಯನ್ನು ಕಟ್ಟುವ ವಿಧಾನವನ್ನೂ ಅವರು ಕೊಟ್ಟರು. ಇದು ಏರುವ ದಾರಿ. ಇಳಿಯುವಾಗ ಮೇಲಿನದರಲ್ಲಿ ಕೆಳಗಿನದು ಎಷ್ಟು ಸಲ ಕಾಣಿಸುತ್ತದೋ, ಏರುವಾಗ ಕೆಳಗಿನದರಿಂದ ಹುಟ್ಟಿದ್ದರಲ್ಲಿ ಮೇಲಿನದು ಅಷ್ಟೇ ಸಲ ಕಾಣಿಸುತ್ತದೆ ಎಂದು ಅವರು ತೋರಿಸಿದರು. ಫ್ರೊಬೇನಿಯಸ್‌ನ ಪರಸ್ಪರತೆ ಎಂದು ಹೆಸರಾದ ಪ್ರಮೇಯ ಇದೇ. ಹಾಗಾಗಿ ಏರಲು ಒಂದು, ಇಳಿಯಲು ಒಂದು ಎಂದು ಎರಡು ಕೋಷ್ಟಕ ಬೇಕಿಲ್ಲ, ಒಂದೇ ಕೋಷ್ಟಕ ಸಾಕು.

ಎಸ್-3ರೊಳಗೆ ಮೂರನೆಯ ವಸ್ತುವನ್ನು ಅಲುಗಿಸದೆ ಮೊದಲ ಎರಡನ್ನು ಮಾತ್ರ ಅದಲುಬದಲು ಮಾಡುವ ಎಸ್-2 ಎಂಬ ಉಪಸಮೂಹವಿದೆ. ಅದರ ಅವಿಭಾಜ್ಯಗಳು ಎರಡೇ, ಸರಳ ಮತ್ತು ಚಿಹ್ನೆ. ಎಸ್-3ರ ಮೂರನ್ನು ಮೇಲಿನ ಸಾಲಿನಲ್ಲಿ, ಎಸ್-2ರ ಎರಡನ್ನು ಕೆಳಗಿನ ಸಾಲಿನಲ್ಲಿ ಚುಕ್ಕಿಗಳಾಗಿ ಇಡಿ. ಮೇಲಿನ ಸರಳದಿಂದ ಕೆಳಗಿನ ಸರಳಕ್ಕೆ ಒಂದು ಗೆರೆ. ಮೇಲಿನ ಚಿಹ್ನೆಯಿಂದ ಕೆಳಗಿನ ಚಿಹ್ನೆಗೆ ಒಂದು ಗೆರೆ. ಎರಡು ಆಯಾಮದ್ದು ಇಳಿದಾಗ ಸರಳ ಮತ್ತು ಚಿಹ್ನೆ ಎರಡೂ ಆಗುತ್ತದೆ, ಆದ್ದರಿಂದ ಅದರಿಂದ ಎರಡು ಗೆರೆ. ಒಟ್ಟು ನಾಲ್ಕು ಗೆರೆಗಳ, ಐದು ಚುಕ್ಕಿಗಳ ಈ ಚಿತ್ರದಲ್ಲೇ ಮುಂದಿನ ಕಥೆಯ ಬೀಜವೆಲ್ಲ ಇದೆ.

ಕ್ರಮಯೋಜನೆ ಸಮೂಹಗಳಿಗೆ ಈ ಚಿತ್ರವನ್ನು ಚೌಕಗಳಲ್ಲಿ ಬಿಡಿಸುವ ದಾರಿಯನ್ನು ತೋರಿಸಿದವರು ಆಲ್ಫ್ರೆಡ್ ಯಂಗ್. 1910ರಿಂದ ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಬರ್ಡ್‌ಬ್ರೂಕ್ ಹಳ್ಳಿಯಲ್ಲಿ ಪಾದ್ರಿಯಾಗಿದ್ದುಕೊಂಡೇ ಗಣಿತ ಮುಂದುವರಿಸಿದ ಅವರು, 1934ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಎನ್ ವಸ್ತುಗಳ ಕ್ರಮಯೋಜನೆ ಸಮೂಹದ ಪ್ರತಿ ಅವಿಭಾಜ್ಯಕ್ಕೂ ಎನ್ ಚೌಕಗಳ ಒಂದು ಆಕೃತಿ ಇದೆ. ಸಾಲುಗಳು ಮೇಲಿನಿಂದ ಕೆಳಕ್ಕೆ ಬಂದಂತೆ ಉದ್ದವಾಗಬಾರದು ಎಂಬುದು ಅದರ ನಿಯಮ. ಒಂದು ವಸ್ತು ಕಡಿಮೆ ಇರುವ ಉಪಸಮೂಹಕ್ಕೆ ಇಳಿಯುವುದೆಂದರೆ, ನಿಯಮ ಮುರಿಯದಂತೆ ಒಂದು ಚೌಕವನ್ನು ತೆಗೆಯುವುದು. ಏರುವುದೆಂದರೆ ಒಂದು ಚೌಕವನ್ನು ಸೇರಿಸುವುದು. ಏರಿ ಇಳಿದರೆ ಒಂದು ಚೌಕ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋದಂತೆ.

ಗಾಲ್ವಾ ಗುರುತಿಸಿದ ಉಪಸಮೂಹ

ಎಲ್ಲ ಉಪಸಮೂಹಗಳೂ ಒಂದೇ ಬಗೆಯವಲ್ಲ. ಇದನ್ನು ಮೊದಲು ಕಂಡವರು ಎವಾರಿಸ್ಟ್ ಗಾಲ್ವಾ. 1832ರ ಮೇ 29ರಂದು, ದ್ವಂದ್ವಯುದ್ಧದ ಹಿಂದಿನ ದಿನ, ಗೆಳೆಯ ಓಗ್ಯುಸ್ಟ್ ಶೆವಾಲಿಯೆಗೆ ಬರೆದ ಕಾಗದದಲ್ಲಿ ಅವರು ಈ ಭೇದವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಉಪಸಮೂಹವನ್ನು ಹಿಡಿದು ಸಮೂಹವನ್ನು ಎಡಗಡೆಯಿಂದಲೂ ಬಲಗಡೆಯಿಂದಲೂ ಪಾಲು ಮಾಡಬಹುದು. ಎರಡೂ ಪಾಲುಗಳು ತಾಳೆಯಾದರೆ ಅದು ವಿಶೇಷ. ಇಂದು ಡಿಗ್ರಿ ತರಗತಿಯಲ್ಲಿ ನಾರ್ಮಲ್ ಉಪಸಮೂಹ ಎಂದು ಕಲಿಸುವುದು ಇದನ್ನೇ. ಎಸ್-3ರಲ್ಲಿ ಮೂರು ಸಮ ಕ್ರಮಯೋಜನೆಗಳ ಎ-3 ನಾರ್ಮಲ್, ಎಸ್-2 ಅಲ್ಲ.

ಹೌದು ಅಥವಾ ಅಲ್ಲ, ಎರಡೇ ಉತ್ತರ. ನೂರು ವರ್ಷ ಗಣಿತಲೋಕ ಇಷ್ಟಕ್ಕೇ ತೃಪ್ತವಾಗಿತ್ತು. ನಾರ್ಮಲ್ ಅಲ್ಲ ಎಂದಾದರೆ ಎಷ್ಟು ಅಲ್ಲ ಎಂದು ಕೇಳಲು ಯಾರ ಬಳಿಯೂ ಅಳತೆಗೋಲು ಇರಲಿಲ್ಲ.

ಅಳತೆಗೋಲು ಸಿಗುವ ಮೊದಲು ಶಾಸ್ತ್ರದ ಭಾಷೆ ಬದಲಾಗಬೇಕಿತ್ತು. ಅದನ್ನು ಬದಲಾಯಿಸಿದವರು ಗೋಟಿಂಗೆನ್‌ನ ಎಮ್ಮಿ ನೋಥರ್. 1929ರ ಅವರ ದೊಡ್ಡ ಪ್ರಬಂಧ ಸಮೂಹದ ನಿರೂಪಣೆಗಳನ್ನು ಆಲ್ಜಿಬ್ರಾ ಎಂಬ ರಚನೆಯ ಮಾಡ್ಯೂಲ್‌ಗಳನ್ನಾಗಿ, ಅಂದರೆ ಆ ರಚನೆ ಕ್ರಿಯೆ ನಡೆಸುವ ಜಾಗಗಳನ್ನಾಗಿ, ಕಂಡಿತು. ಸಮೂಹದ ಸದಸ್ಯರನ್ನು ಸಂಖ್ಯೆಗಳಿಂದ ಗುಣಿಸಿ ಕೂಡಿಸಲು ಅವಕಾಶ ಕೊಟ್ಟರೆ ಸಮೂಹ ಆಲ್ಜಿಬ್ರಾ ಸಿಗುತ್ತದೆ. ಉಪಸಮೂಹದ ಬದಲು ಉಪಆಲ್ಜಿಬ್ರಾ ಬರುತ್ತದೆ. ಒಳಗೊಂದು, ಹೊರಗೊಂದು ಆಲ್ಜಿಬ್ರಾ ಇರುವಲ್ಲೆಲ್ಲ ಏರುವ ಇಳಿಯುವ ಮಾತು ಆಡಬಹುದು ಎಂಬ ದಾರಿ ಹೀಗೆ ತೆರೆಯಿತು.

ಆ ಹೊತ್ತಿಗೆ ಜರ್ಮನಿ ಕತ್ತಲೆಗೆ ಜಾರುತ್ತಿತ್ತು. 1933ರಲ್ಲಿ ಯೆಹೂದಿ ಎಂಬ ಕಾರಣಕ್ಕೆ ನೋಥರ್‌ರನ್ನು ಕೆಲಸದಿಂದ ತೆಗೆದರು. ಅಮೆರಿಕ ಸೇರಿದ ಎರಡೇ ವರ್ಷದಲ್ಲಿ ಅವರು ತೀರಿಕೊಂಡರು. ಫ್ರೊಬೇನಿಯಸ್‌ರ ಶಿಷ್ಯ, ಬರ್ಲಿನ್ನಿನ ಇಸ್ಸಾಯ್ ಶೂರ್ ಅವರನ್ನು 1935ರಲ್ಲಿ ಹೊರಹಾಕಿದರು. 1939ರಲ್ಲಿ ಪ್ಯಾಲೆಸ್ಟೈನ್‌ಗೆ ಹೋದ ಶೂರ್, 1941ರ ಜನವರಿ 10ರಂದು, ತಮ್ಮ 66ನೆಯ ಹುಟ್ಟುಹಬ್ಬದ ದಿನವೇ ಟೆಲ್ ಅವೀವ್‌ನಲ್ಲಿ ನಿಧನರಾದರು. ಹರ್ಮನ್ ವೈಲ್ ಗೋಟಿಂಗೆನ್ ಬಿಟ್ಟು ಪ್ರಿನ್ಸ್‌ಟನ್‌ನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಗೆ ಬಂದರು. ನಿರೂಪಣಾ ಸಿದ್ಧಾಂತವನ್ನು ಹುಟ್ಟುಹಾಕಿದ ನಾಡು ಅದನ್ನು ಕೈಯಾರೆ ಕಳೆದುಕೊಂಡಿತು.

ಪ್ರಿನ್ಸ್‌ಟನ್‌ನಲ್ಲಿ ವೈಲ್ ಅವರ ಸಹಾಯಕರಾಗಿದ್ದ ಆಲ್ಫ್ರೆಡ್ ಕ್ಲಿಫರ್ಡ್ 1937ರಲ್ಲಿ ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಪತ್ರಿಕೆಯಲ್ಲಿ ಒಂದು ಪ್ರಮೇಯ ಪ್ರಕಟಿಸಿದರು. ಸಮೂಹದ ಅವಿಭಾಜ್ಯವೊಂದನ್ನು ನಾರ್ಮಲ್ ಉಪಸಮೂಹಕ್ಕೆ ಇಳಿಸಿದರೆ ಸಿಗುವ ತುಣುಕುಗಳೆಲ್ಲ ಒಂದೇ ಕುಟುಂಬದವು. ಒಂದರಿಂದ ಉಳಿದವನ್ನು ಸಮೂಹದ ಸದಸ್ಯರೇ ಹುಟ್ಟಿಸುತ್ತಾರೆ, ಪ್ರತಿಯೊಂದೂ ಸಮನಾದ ಸಲ ಕಾಣಿಸುತ್ತದೆ. ಅಂದರೆ ಒಮ್ಮೆ ಇಳಿದರೆ ಕುಟುಂಬ ಪೂರ್ತಿ ಕಾಣುತ್ತದೆ. ಮತ್ತೆ ಏರಿ ಇಳಿದರೂ ಹೊಸ ಮುಖ ಒಂದೂ ಸಿಗುವುದಿಲ್ಲ. ಎ-3ರಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಎಸ್-3ರ ಸರಳ ಮತ್ತು ಚಿಹ್ನೆ ಎರಡೂ ಎ-3ರ ಸರಳಕ್ಕೇ ಇಳಿಯುತ್ತವೆ. ಎರಡು ಆಯಾಮದ್ದು ಎ-3ರ ಉಳಿದ ಎರಡು ಅವಿಭಾಜ್ಯಗಳಾಗಿ ಒಡೆಯುತ್ತದೆ. ಚಿತ್ರ ಎರಡು ಬೇರೆ ಬೇರೆ ತುಂಡುಗಳಾಗಿ ನಿಲ್ಲುತ್ತದೆ.

ಪ್ರಿನ್ಸ್‌ಟನ್‌ನಿಂದ ಹೊರಟ ಇನ್ನೊಂದು ದಾರಿ

ಕ್ಲಿಫರ್ಡ್‌ರ ಪ್ರಬಂಧಕ್ಕೆ ಒಂದು ವರ್ಷ ಮೊದಲು, 1936ರಲ್ಲಿ, ಅದೇ ಆನಲ್ಸ್ ಪತ್ರಿಕೆಯಲ್ಲಿ ಫ್ರಾನ್ಸಿಸ್ ಮರ್ರೆ ಮತ್ತು ಜಾನ್ ವಾನ್ ನಾಯ್ಮನ್ ಆಪರೇಟರ್‌ಗಳ ವಲಯಗಳ ಮೇಲೆ ತಮ್ಮ ಮೊದಲ ಪ್ರಬಂಧ ಪ್ರಕಟಿಸಿದ್ದರು. ಕ್ವಾಂಟಂ ಭೌತಶಾಸ್ತ್ರದ ಗಣಿತ ಅವರ ಪ್ರೇರಣೆಗಳಲ್ಲಿ ಒಂದು. ಅವರು ಕಂಡ ಅನಂತ ಆಯಾಮದ ಆಲ್ಜಿಬ್ರಾಗಳಲ್ಲಿ ಒಂದು ಬಗೆ ಬೆರಗು ಹುಟ್ಟಿಸುವಂಥದು. ಅದರೊಳಗೆ ಆಯಾಮ 1, 2, 3 ಎಂದು ಎಣಿಕೆಯಾಗುವುದಿಲ್ಲ, 0ಯಿಂದ 1ರವರೆಗಿನ ಯಾವ ವಾಸ್ತವ ಸಂಖ್ಯೆಯೂ ಆಗಬಹುದು. ಈ ಬಗೆಗೆ ಟೈಪ್ ಟೂ-ಒನ್ ಫ್ಯಾಕ್ಟರ್ ಎಂದು ಹೆಸರಾಯಿತು. ಒಂದೇ ಊರು, ಒಂದೇ ಪತ್ರಿಕೆ, ಒಂದು ವರ್ಷದ ಅಂತರ. ಆದರೂ ಈ ಎರಡು ಕೆಲಸಗಳ ನಡುವಿನ ನಂಟು ಬಯಲಿಗೆ ಬರಲು ಅರ್ಧ ಶತಮಾನ ಹಿಡಿಯಿತು.

ಬಯಲಿಗೆ ತಂದವರು ನ್ಯೂಜಿಲೆಂಡಿನ ಗಿಸ್ಬರ್ನ್‌ನಲ್ಲಿ 1952ರಲ್ಲಿ ಹುಟ್ಟಿದ ವಾನ್ ಜೋನ್ಸ್. ಜಿನೀವಾದಲ್ಲಿ ಡಾಕ್ಟರೇಟ್ ಪಡೆದ ಅವರು ಒಂದು ಫ್ಯಾಕ್ಟರ್‌ನೊಳಗೆ ಇನ್ನೊಂದು ಫ್ಯಾಕ್ಟರ್ ಕೂತಾಗ, ಹೊರಗಿನದು ಒಳಗಿನದಕ್ಕಿಂತ ಎಷ್ಟು ಪಟ್ಟು ದೊಡ್ಡದು ಎಂಬ ಸೂಚ್ಯಂಕವನ್ನು ವ್ಯಾಖ್ಯಾನಿಸಿದರು. ಆಯಾಮವೇ ಬಿಡುವಿಲ್ಲದೆ ಬದಲಾಗುವ ಲೋಕದಲ್ಲಿ ಸೂಚ್ಯಂಕವೂ ಯಾವ ಬೆಲೆಯನ್ನಾದರೂ ತಾಳಬಹುದು ಎಂದೇ ಯಾರಾದರೂ ಎಣಿಸುತ್ತಿದ್ದರು. 1983ರ ಅವರ ಪ್ರಬಂಧ ಬೇರೆಯದನ್ನೇ ಸಾಧಿಸಿತು. 4 ಮತ್ತು ಅದಕ್ಕೂ ಮೇಲೆ ಎಲ್ಲ ಬೆಲೆಗಳೂ ಸಾಧ್ಯ. 4ಕ್ಕಿಂತ ಕೆಳಗೆ ಮಾತ್ರ 4 ಕಾಸ್² (ಪೈ/ಎನ್) ಎಂಬ ಬೆಲೆಗಳಿಗಷ್ಟೇ ಜಾಗ. ಎನ್‌ಗೆ 3, 4, 5, 6 ಹಾಕಿದರೆ 1, 2, ಸುಮಾರು 2.618, 3. ನಡುವೆ ಬೇರೇನೂ ಇಲ್ಲ.

ಇದನ್ನು ಸಾಧಿಸಲು ಜೋನ್ಸ್ ಬಳಸಿದ ಉಪಕರಣವೇ ನಮ್ಮ ಕಥೆಗೆ ಮುಖ್ಯ. ಒಳಗಿನ ಮತ್ತು ಹೊರಗಿನ ಫ್ಯಾಕ್ಟರ್‌ಗಳೆರಡರಿಂದ ಮೂರನೆಯದೊಂದನ್ನು ಮೇಲೆ ಕಟ್ಟಬಹುದು, ಅದರ ಮೇಲೆ ನಾಲ್ಕನೆಯದು, ಹೀಗೆ ಮುಗಿಯದ ಗೋಪುರ. ಪ್ರತಿ ಅಂತಸ್ತಿನಲ್ಲಿ ಅತ್ಯಂತ ಒಳಗಿನ ಫ್ಯಾಕ್ಟರ್‌ನೊಂದಿಗೆ ಕ್ರಮಭೇದವಿಲ್ಲದೆ ಗುಣಿಸಿಕೊಳ್ಳುವ ಭಾಗವನ್ನು ಹೆಕ್ಕಿ ತೆಗೆದರೆ ಅದು ಪರಿಮಿತ ಆಯಾಮದ ಆಲ್ಜಿಬ್ರಾ. ಅಂತಸ್ತಿನಿಂದ ಅಂತಸ್ತಿಗೆ ಇವುಗಳನ್ನು ಚುಕ್ಕಿ-ಗೆರೆಗಳಲ್ಲಿ ಬಿಡಿಸಿದರೆ ಪ್ರತಿ ಹೊಸ ಸಾಲಿನಲ್ಲೂ ಹಿಂದಿನ ಸಾಲಿನ ಪ್ರತಿಬಿಂಬ ಇರುತ್ತದೆ, ಜೊತೆಗೆ ಕೆಲವು ಹೊಸ ಚುಕ್ಕಿಗಳು ಬರಬಹುದು. ಒಂದು ಹಂತದ ನಂತರ ಹೊಸ ಚುಕ್ಕಿ ಬರುವುದು ನಿಂತರೆ ಆ ಒಳಗಿನ ಫ್ಯಾಕ್ಟರ್‌ಗೆ, ಅಂದರೆ ಸಬ್‌ಫ್ಯಾಕ್ಟರ್‌ಗೆ, ಪರಿಮಿತ ಆಳವಿದೆ ಎಂದರ್ಥ. ಆಳ ಎಂಬ ಅಳತೆ ಗಣಿತದ ಈ ಶಾಖೆಗೆ ಬಂದದ್ದು ಹೀಗೆ. 1989ರಲ್ಲಿ ಗುಡ್‌ಮನ್, ದ ಲಾ ಹಾರ್ಪ್ ಮತ್ತು ಜೋನ್ಸ್ ಬರೆದ ಪುಸ್ತಕ ಇಂಥ ಗೋಪುರಗಳನ್ನು ಪರಿಮಿತ ಆಯಾಮದ ಆಲ್ಜಿಬ್ರಾಗಳ ಜೋಡಿಗಳಿಂದಲೇ ಆರಂಭಿಸಿ ವಿವರಿಸಿತು. ಫ್ರೊಬೇನಿಯಸ್‌ರ ಏರಿಳಿತದ ಚಿತ್ರ ಹೊಸ ವೇಷದಲ್ಲಿ ಮರಳಿ ಬಂದಿತ್ತು.

1984ರಲ್ಲಿ ಇದೇ ಗೋಪುರದಿಂದ ಗಂಟುಗಳನ್ನು ಬೇರ್ಪಡಿಸುವ ಜೋನ್ಸ್ ಬಹುಪದೋಕ್ತಿ ಹುಟ್ಟಿತು, 1990ರಲ್ಲಿ ಕ್ಯೋಟೋದಲ್ಲಿ ಅವರಿಗೆ ಫೀಲ್ಡ್ಸ್ ಪದಕ ಬಂತು. ಜಗತ್ತಿನ ಗಮನ ಗಂಟುಗಳ ಕಡೆ ಇದ್ದಾಗ, ಆಡ್ರಿಯನ್ ಓಕ್ನಿಯಾನು ಆಳ ಸರಿಯಾಗಿ 2 ಇರುವ ಅವಿಭಾಜ್ಯ ಸಬ್‌ಫ್ಯಾಕ್ಟರ್‌ಗಳು ಎಲ್ಲಿಂದ ಬರುತ್ತವೆ ಎಂಬುದಕ್ಕೆ ಉತ್ತರ ಸೂಚಿಸಿದರು. ಅವೆಲ್ಲ ಕಾಟ್ಸ್ ಆಲ್ಜಿಬ್ರಾ ಎಂಬ, ಸಮೂಹಗಳನ್ನೂ ಅವುಗಳ ಪ್ರತಿಬಿಂಬಗಳನ್ನೂ ಒಳಗೊಳ್ಳುವ ರಚನೆಗಳಿಂದ ಬರುತ್ತವೆ ಎಂಬುದು ಆ ಉತ್ತರ. 1990ರ ದಶಕದಲ್ಲಿ ಶಿಮಾನ್ಸ್ಕಿ, ಲೋಂಗೊ ಮತ್ತು ಮರಿ-ಕ್ಲೋದ್ ಡೇವಿಡ್ ಇದಕ್ಕೆ ಬೇರೆ ಬೇರೆ ಸಾಧನೆಗಳನ್ನು ಕೊಟ್ಟರು. ಆಳ 2 ಎಂದರೆ ಎಲ್ಲೋ ಒಂದು ಸಮಮಿತಿ ಅಡಗಿದೆ ಎಂಬುದು ಇದರಿಂದ ಖಚಿತವಾಯಿತು.

ಈ ಅಧ್ಯಾಯದಲ್ಲಿ ದಕ್ಷಿಣ ಭಾರತಕ್ಕೂ ಪಾಲಿದೆ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ವಿ. ಎಸ್. ಸುಂದರ್ ಅವರು ಜೋನ್ಸ್ ಜೊತೆ ಸೇರಿ ಬರೆದ ಸಬ್‌ಫ್ಯಾಕ್ಟರ್‌ಗಳ ಪರಿಚಯ ಗ್ರಂಥ 1997ರಲ್ಲಿ ಕೇಂಬ್ರಿಜ್‌ನಿಂದ ಬಂತು. ಈ ವಿಷಯಕ್ಕೆ ಕಾಲಿಡುವವರು ಕೈಗೆತ್ತಿಕೊಳ್ಳುವ ಪುಸ್ತಕಗಳಲ್ಲಿ ಅದೂ ಒಂದು. ಆಳ 2ರ ಈ ಸಬ್‌ಫ್ಯಾಕ್ಟರ್‌ಗಳನ್ನು ಸಮತಲದ ಚಿತ್ರಗಳ ಮೂಲಕ ವಿವರಿಸುವ, ವಿಜಯ್ ಕೊಡಿಯಾಲಂ, ಜೆಫ್ ಲ್ಯಾಂಡೌ ಮತ್ತು ಸುಂದರ್ ಅವರ ಪ್ರಬಂಧ 2003ರಲ್ಲಿ ಪ್ರಕಟವಾದದ್ದು ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಗಣಿತ ಪತ್ರಿಕೆಯಲ್ಲಿ.

ಮರಳಿ ಸಮೂಹಗಳ ಕಡೆಗೆ

ಹೊಸ ಶತಮಾನದ ಆರಂಭದಲ್ಲಿ ಲಾರ್ಸ್ ಕ್ಯಾಡಿಸನ್ ಒಂದು ಮುಖ್ಯ ಕೆಲಸಕ್ಕೆ ಕೈಹಾಕಿದರು. ಆಳ 2 ಎಂಬ ಪರಿಕಲ್ಪನೆಯಿಂದ ಆಪರೇಟರ್‌ಗಳು, ಮಿತಿಗಳು, ಅನಂತ ಆಯಾಮಗಳು ಎಲ್ಲವನ್ನೂ ಕಳಚಿ, ಶುದ್ಧ ಬೀಜಗಣಿತದ ತಿರುಳನ್ನು ಮಾತ್ರ ಉಳಿಸಿಕೊಳ್ಳುವುದು ಆ ಕೆಲಸ. 2001ರಲ್ಲಿ ದಿಮಿತ್ರಿ ನಿಕ್ಷಿಚ್ ಜೊತೆ, 2003ರಲ್ಲಿ ಹಂಗೇರಿಯ ಕೊರ್ನೆಲ್ ಸ್ಲಾಖಾನ್ಯಿ ಜೊತೆ ಬರೆದ ಪ್ರಬಂಧಗಳು ಇದನ್ನು ಸಾಧಿಸಿದವು. ಇನ್ನು ಮುಂದೆ ಯಾವ ಆಲ್ಜಿಬ್ರಾದೊಳಗೆ ಯಾವ ಉಪಆಲ್ಜಿಬ್ರಾ ಇದ್ದರೂ ಅದರ ಆಳ 2 ಇದೆಯೇ ಎಂದು ಕೇಳಬಹುದು.

ಕೇಳಲು ಅತ್ಯಂತ ಸಹಜವಾದ ಜಾಗ ಸಮೂಹ ಆಲ್ಜಿಬ್ರಾ. ಜರ್ಮನಿಯ ಯೇನಾದಲ್ಲಿದ್ದ ಬುರ್ಕ್‌ಹಾರ್ಡ್ ಕ್ಯೂಲ್ಸ್‌ಹಾಮರ್ ಪರಿಮಿತ ಸಮೂಹಗಳ ನಿರೂಪಣೆಗಳಲ್ಲಿ ನುರಿತವರು. ಅವರೂ ಕ್ಯಾಡಿಸನ್ ಅವರೂ ಸೇರಿ 2006ರಲ್ಲಿ ಕೊಟ್ಟ ಉತ್ತರ ಹೀಗಿದೆ: ಸಂಕೀರ್ಣ ಸಂಖ್ಯೆಗಳ ಮೇಲಿನ ಸಮೂಹ ಆಲ್ಜಿಬ್ರಾಗಳಲ್ಲಿ ಆಳ 2ನ್ನು ಮೀರದೆ ಇರುವುದು ಉಪಸಮೂಹ ನಾರ್ಮಲ್ ಆಗಿದ್ದಾಗ, ಆಗ ಮಾತ್ರ.

ಒಂದು ದಿಕ್ಕನ್ನು ಕ್ಲಿಫರ್ಡ್ 1937ರಲ್ಲೇ ಕೊಟ್ಟಿದ್ದರು. ಇನ್ನೊಂದು ದಿಕ್ಕನ್ನು ಕಾಣಲು ಫ್ರೊಬೇನಿಯಸ್‌ರ 1898ರ ಸಾಮಗ್ರಿಯೇ ಸಾಕು. ಆಳ 2 ಎಂದರೆ ಮೇಲಿನ ಯಾವ ಅವಿಭಾಜ್ಯವನ್ನು ಹಿಡಿದು ಇಳಿದರೂ, ಮತ್ತೆ ಏರಿ ಇಳಿದಾಗ ಹೊಸ ಚುಕ್ಕಿ ಸಿಗಬಾರದು. ಮೇಲಿನ ಸರಳ ನಿರೂಪಣೆಯನ್ನೇ ಹಿಡಿಯೋಣ. ಇಳಿದರೆ ಕೆಳಗಿನ ಸರಳ ಒಂದೇ. ಅದನ್ನು ಏರಿಸಿದರೆ ಉಪಸಮೂಹದ ಪಾಲುಗಳನ್ನು ಸಮೂಹ ಅದಲುಬದಲು ಮಾಡುವ ನಿರೂಪಣೆ ಸಿಗುತ್ತದೆ. ಅದನ್ನು ಇಳಿಸಿದಾಗಲೂ ಸರಳ ಬಿಟ್ಟು ಬೇರೇನೂ ಇಲ್ಲದಿರಬೇಕಾದರೆ, ಉಪಸಮೂಹದ ಯಾವ ಸದಸ್ಯನೂ ಯಾವ ಪಾಲನ್ನೂ ಅಲುಗಿಸಬಾರದು. ಗಾಲ್ವಾ ಹೇಳಿದ ಷರತ್ತು ಅದೇ. ಎಷ್ಟು ಚಿಕ್ಕ ವಾದ! ಆದರೆ ಈ ಪ್ರಶ್ನೆಯನ್ನು ಹೀಗೆ ಕೇಳಲು ಸಬ್‌ಫ್ಯಾಕ್ಟರ್‌ಗಳ ಲೋಕವನ್ನು ಸುತ್ತಿ ಬರಬೇಕಾಯಿತು.

ನಾರ್ಮಲ್ ಎಂಬುದು ಏಣಿಯ ಎರಡನೆಯ ಮೆಟ್ಟಿಲು ಎಂದು ತಿಳಿದ ಮೇಲೆ ಮೂರು, ನಾಲ್ಕು, ಐದನೆಯ ಮೆಟ್ಟಿಲುಗಳಲ್ಲಿ ಯಾರಿದ್ದಾರೆ ಎಂಬ ಕುತೂಹಲ ತಾನಾಗಿ ಬಂತು. 2011ರಲ್ಲಿ ಎರಡು ಪ್ರಬಂಧಗಳು ಈ ಏಣಿಯನ್ನು ಪೂರ್ತಿ ನಿಲ್ಲಿಸಿದವು. ಮೊದಲನೆಯದು ಸೆಬಾಸ್ಟಿಯನ್ ಬುರ್ಚು, ಕ್ಯಾಡಿಸನ್ ಮತ್ತು ಕ್ಯೂಲ್ಸ್‌ಹಾಮರ್ ಅವರದು. ಎರಡನೆಯದು ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ರೂಸ್‌ನ ರಾಬರ್ಟ್ ಬೋಲ್ಟ್ಯೆ, ಸುಸಾನೆ ಡಾನ್ಸ್ ಮತ್ತು ಕ್ಯೂಲ್ಸ್‌ಹಾಮರ್ ಅವರದು.

ಅವರ ಎಣಿಕೆಯ ವಿಧಾನವನ್ನು ನಮ್ಮ ಐದು ಚುಕ್ಕಿಗಳ ಚಿತ್ರದಲ್ಲೇ ನೋಡಬಹುದು. ಕೆಳಗಿನ ಒಂದು ಚುಕ್ಕಿಯಿಂದ ಏರಿ ಇಳಿದು ಇನ್ನೊಂದಕ್ಕೆ ಹೋಗುವುದು ಒಂದು ನೆಗೆತ. ಒಂದೇ ತುಂಡಿನಲ್ಲಿರುವ ಕೆಳಗಿನ ಯಾವ ಎರಡು ಚುಕ್ಕಿಗಳ ನಡುವೆಯೂ ಹೆಚ್ಚೆಂದರೆ ಎಂ ನೆಗೆತ ಸಾಕಾದರೆ ಆಳ 2ಎಂ+1ನ್ನು ಮೀರುವುದಿಲ್ಲ. ಮೇಲಿನ ಯಾವ ಚುಕ್ಕಿಯಿಂದ ಇಳಿದರೂ ಅಲ್ಲಿಂದ ಎಂ−1 ನೆಗೆತದಲ್ಲಿ ಆ ತುಂಡಿನ ಎಲ್ಲ ಕೆಳ ಚುಕ್ಕಿಗಳೂ ಸಿಕ್ಕಿದರೆ ಆಳ 2ಎಂ ಅನ್ನು ಮೀರುವುದಿಲ್ಲ. ಎಸ್-2ರ ಸರಳದಿಂದ ಚಿಹ್ನೆಗೆ ಎರಡು ಆಯಾಮದ್ದರ ಮೂಲಕ ಒಂದೇ ನೆಗೆತ, ಆದ್ದರಿಂದ ಆಳ 3ನ್ನು ಮೀರದು. ಎಸ್-2 ನಾರ್ಮಲ್ ಅಲ್ಲದ್ದರಿಂದ 2 ಆಗದು. ಹಾಗಾಗಿ ಎಸ್-3ರಲ್ಲಿ ಎಸ್-2ರ ಆಳ ಸರಿಯಾಗಿ 3.

ಇದನ್ನೇ ಮುಂದುವರಿಸಿದರೆ ಯಂಗ್ ಅವರ ಚೌಕಗಳು ಮತ್ತೆ ಕೆಲಸಕ್ಕೆ ಬರುತ್ತವೆ. ಎನ್ ಚೌಕಗಳ ಒಂದೇ ಅಡ್ಡಸಾಲಿನಿಂದ ಎನ್ ಚೌಕಗಳ ಒಂದೇ ಕಂಬಸಾಲಿಗೆ ಹೋಗಬೇಕಾದರೆ ಒಂದೊಂದು ನೆಗೆತಕ್ಕೆ ಒಂದೊಂದು ಚೌಕವನ್ನೇ ಸಾಗಿಸಬೇಕು. ಮೂಲೆಯ ಚೌಕ ಮಾತ್ರ ಅಲ್ಲೇ ಇರುತ್ತದೆ. ಆದ್ದರಿಂದ ಎನ್−1 ನೆಗೆತ, ಆಳ 2ಎನ್−1. ಎಸ್-4ರಲ್ಲಿ ಎಸ್-3ರ ಆಳ 5, ಎಸ್-5ರಲ್ಲಿ ಎಸ್-4ರ ಆಳ 7. ಆಳಕ್ಕೆ ಮೇಲ್ಮಿತಿಯೇ ಇಲ್ಲ ಎಂಬುದೂ ಇದರಿಂದ ತಿಳಿಯಿತು. ಸಮ ಕ್ರಮಯೋಜನೆಗಳ ಸಮೂಹಗಳಲ್ಲಿ ಮಾತ್ರ ಕಥೆ ಕೊಂಚ ಬೇರೆ. ಅಲ್ಲಿ ಎನ್‌ನಿಂದ ಅದರ ವರ್ಗಮೂಲವನ್ನು, ಪೂರ್ಣಾಂಕ ಅಲ್ಲದಿದ್ದರೆ ಮೇಲಿನ ಪೂರ್ಣಾಂಕಕ್ಕೆ ಏರಿಸಿ, ಕಳೆದು, ದುಪ್ಪಟ್ಟು ಮಾಡಿ 1 ಕೂಡಿಸಬೇಕು. ಎಸ್-10ರಲ್ಲಿ ಎಸ್-9ರ ಆಳ 17 ಆದರೆ ಎ-10ರಲ್ಲಿ ಎ-9ರ ಆಳ 13. ಯಾವ ಪರಿಮಿತ ಸಮೂಹವನ್ನೂ ಅದರ ಯಾವ ಉಪಸಮೂಹವನ್ನೂ ತೆಗೆದುಕೊಂಡರೂ, ಗುಣಾಂಕಗಳು ಯಾವ ಕ್ರಮನಿರಪೇಕ್ಷ ವಲಯದಿಂದ ಬಂದರೂ, ಆಳ ಪರಿಮಿತವೇ ಎಂದು ಎರಡನೆಯ ಪ್ರಬಂಧ ಸಾಧಿಸಿತು.

ಬೇಬಿ ಮಾನ್‌ಸ್ಟರ್‌ವರೆಗೆ

2011ರ ಮೊದಲ ಪ್ರಬಂಧದಲ್ಲಿ ಇನ್ನೊಂದು ಪ್ರಮೇಯವಿತ್ತು. ಉಪಸಮೂಹಕ್ಕೆ ದೊಡ್ಡ ಸಮೂಹದಲ್ಲಿ ಹಲವು ಅವಳಿಗಳಿರುತ್ತವೆ. ಎಸ್-2ರ ಅವಳಿಗಳೆಂದರೆ ಮೊದಲ ವಸ್ತುವನ್ನೋ ಎರಡನೆಯದನ್ನೋ ಅಲುಗಿಸದೆ ಬಿಡುವ ಉಪಸಮೂಹಗಳು. ಅಂಥ ಬಿ ಅವಳಿಗಳ ಛೇದನದಲ್ಲಿ ಏನನ್ನೂ ಬದಲಿಸದ ತಟಸ್ಥ ಸದಸ್ಯ ಬಿಟ್ಟು ಬೇರೇನೂ ಉಳಿಯದಿದ್ದರೆ ಆಳ 2ಬಿ−1ನ್ನು ಮೀರದು. ಎಸ್-2ಕ್ಕೆ ಎರಡೇ ಅವಳಿ ಸಾಕು, ಲೆಕ್ಕ 3ಕ್ಕೇ ಬಂದು ನಿಲ್ಲುತ್ತದೆ.

ಈ ಬಿ ಎಂಬ ಸಂಖ್ಯೆ ಕ್ರಮಯೋಜನೆ ಸಮೂಹಗಳ ತಜ್ಞರಿಗೆ ಹಳೆಯ ಪರಿಚಯ. ಅದಕ್ಕೆ ಬೇಸ್ ಗಾತ್ರ ಎಂದು ಹೆಸರು. ಕಂಪ್ಯೂಟರಿನಲ್ಲಿ ದೈತ್ಯ ಸಮೂಹಗಳ ಲೆಕ್ಕ ಮಾಡಲು 1970ರ ಸುಮಾರಿಗೆ ಚಾರ್ಲ್ಸ್ ಸಿಮ್ಸ್ ಬೇಸ್‌ಗಳನ್ನು ಬಳಕೆಗೆ ತಂದರು. ಅವರೂ ಜೆಫ್ರಿ ಲಿಯೋನ್ ಅವರೂ 1977ರಲ್ಲಿ ಬೇಬಿ ಮಾನ್‌ಸ್ಟರ್ ಎಂಬ ಸಮೂಹವನ್ನು ಕಂಪ್ಯೂಟರಿನ ನೆರವಿನಿಂದ ಕಟ್ಟಿದರು. 1,357 ಕೋಟಿ 19 ಲಕ್ಷ 55 ಸಾವಿರ ಬಿಂದುಗಳ ಕ್ರಮಯೋಜನೆಗಳಾಗಿ ಅದು ಮೂರ್ತವಾಯಿತು. ಅದರ ಸದಸ್ಯರ ಸಂಖ್ಯೆಯನ್ನು ಬರೆಯಲು 34 ಅಂಕಿಗಳು ಬೇಕು.

2011ರ ನಂತರ ಆಳದ ಲೆಕ್ಕಗಳು ಒಂದೊಂದಾಗಿ ಬಂದವು. ಟಿಮ್ ಫ್ರಿಟ್ಜ್‌ಷೆ ಎರಡು ಆಯಾಮದ ಮಾತೃಕೆಗಳಿಂದ ಬರುವ ಸರಳ ಸಮೂಹಗಳ, ಅಂದರೆ ತಾನು ಮತ್ತು ತಟಸ್ಥ ಸದಸ್ಯ ಬಿಟ್ಟರೆ ಬೇರೆ ನಾರ್ಮಲ್ ಉಪಸಮೂಹವಿಲ್ಲದ ಸಮೂಹಗಳ, ಉಪಸಮೂಹಗಳನ್ನು ಲೆಕ್ಕ ಹಾಕಿದರು. ಹಂಗೇರಿಯ ಹೇಥೆಯ್, ಹೋರ್ವಾತ್ ಮತ್ತು ಪೆತೇನ್ಯಿ ಸುಜುಕಿ ಸಮೂಹಗಳನ್ನು ಕೈಗೆತ್ತಿಕೊಂಡರು. 2025ರಲ್ಲಿ ತಿಮೊತಿ ಬರ್ನೆಸ್ ಬೇಸ್‌ಗಳ ಅಧ್ಯಯನಕ್ಕಾಗಿ ಬೆಳೆಸಿದ್ದ ಸಂಭವನೀಯತೆಯ ಮತ್ತು ಕಂಪ್ಯೂಟರಿನ ವಿಧಾನಗಳನ್ನು ಆಳದ ಕಡೆಗೆ ತಿರುಗಿಸಿದರು. ಯಾವ ಸಾಲಿಗೂ ಸೇರದೆ ಬಿಡಿಬಿಡಿಯಾಗಿ ನಿಂತ 26 ಸರಳ ಸಮೂಹಗಳೂ ಅವುಗಳಿಗೆ ಅಂಟಿಕೊಂಡ ಸಮೂಹಗಳೂ ಅವರ ಲೆಕ್ಕದೊಳಗೆ ಬಂದವು. ಅವುಗಳ ಪ್ರತಿ ಉಪಸಮೂಹದ ಆಳವೂ ಸಿಕ್ಕಿತು. ಬೆರಳೆಣಿಕೆಯ ಕೆಲವು ಮಾತ್ರ ಉಳಿದವು, ಅವು ಬೇಬಿ ಮಾನ್‌ಸ್ಟರ್‌ಗೆ ಸೇರಿದವು.

ಈ ಇತಿಹಾಸದಿಂದ ನಾನು ಕಲಿಯುವುದು ಒಂದೇ. ಹೌದು ಅಥವಾ ಅಲ್ಲ ಎಂದು ಮುಗಿದುಹೋಯಿತು ಅನಿಸುವ ಪ್ರಶ್ನೆಗೂ ಎಷ್ಟು ಎಂಬ ಎರಡನೆಯ ಪ್ರಶ್ನೆ ಉಳಿದಿರುತ್ತದೆ. ಆ ಎರಡನೆಯ ಪ್ರಶ್ನೆಗೆ ಬೇಕಾದ ಅಳತೆಗೋಲು ಬಹಳ ಸಲ ಪಕ್ಕದ ಕೋಣೆಯವರ ಬಳಿ ಇರುತ್ತದೆ. ಕ್ಲಿಫರ್ಡ್ ಮತ್ತು ವಾನ್ ನಾಯ್ಮನ್ ಒಂದೇ ಊರಿನಲ್ಲಿದ್ದರು. ಅವರ ಕೆಲಸಗಳನ್ನು ಕೂಡಿಸಲು ಜೋನ್ಸ್, ಓಕ್ನಿಯಾನು, ಕ್ಯಾಡಿಸನ್, ಕ್ಯೂಲ್ಸ್‌ಹಾಮರ್ ಎಂಬ ನಾಲ್ಕು ಕೈಗಳು ಬೇಕಾದವು.

ನಮ್ಮ ಕಾಲೇಜುಗಳಲ್ಲಿ ನಾರ್ಮಲ್ ಉಪಸಮೂಹವನ್ನು ಪರೀಕ್ಷೆಗಾಗಿ ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಎ-5ರ ಐದು ಅವಿಭಾಜ್ಯಗಳನ್ನು ಮೇಲೆ, ಎ-4ರ ನಾಲ್ಕನ್ನು ಕೆಳಗೆ ಬರೆದು, ಯಾವುದು ಯಾವುದಕ್ಕೆ ಇಳಿಯುತ್ತದೆ ಎಂದು ಗೆರೆ ಎಳೆದು ನೋಡಿ. ನಾರ್ಮಲ್ ಅಲ್ಲ ಎಂದಷ್ಟೇ ಹೇಳಿ ಮುಂದೆ ಹೋಗಬೇಡಿ, ನೆಗೆತಗಳನ್ನು ಎಣಿಸಿ. ಒಂದು ಹಾಳೆಯಲ್ಲಿ ಮುಗಿಯುವ ಲೆಕ್ಕ. ಉತ್ತರ 5 ಬರಬೇಕು.